ಕ್ಯಾತಪ್ಪನ ಏಳು ಬಾಗಿಲ ಬಂಗಲೆ

"ಕಣ್ಣಿಗೆ ಬಟ್ಟೆ ಕಟ್ಟಿ ಕೈಗೆ ಒಂದೆಳೆ ಉಣ್ಣೆ ಕೊಡ್ರಿ. ಆ ಕುರಿ ಯಾವೂರ್ದು, ಯಾರ ಹಟ್ಟೀದು, ಅದರ ಅವ್ವ ಎಂಥದ್ದು, ಹೋದ ವರ್ಷ ಅದಕ್ಕೆ ಕೆಮ್ಮು ಬಂದಿತ್ತೋ ಇಲ್ಲೋ, ಎಲ್ಲ ಹೇಳ್ತೀನಿ. ತಪ್ಪಿದ್ರೆ ನನ್ನ ಮೀಸೆ ಬೋಳಿಸಿ ಅದರಾಗೇ ಕಂಬಳಿ ನೇಯ್ತೀನಿ."

ತಳಕಿನ ಕ್ಯಾತಪ್ಪ ದಿನಕ್ಕೊಮ್ಮೆಯಾದರೂ ಈ ಮಾತು ಆಡದೆ ಮಲಗಿದವನಲ್ಲ. ಮೀಸೆಯನ್ನು ಅವನು ಧೈರ್ಯವಾಗಿ ಪಣಕ್ಕಿಡಬಹುದಿತ್ತು. ಇದ್ದದ್ದು ಎಣಿಸಿ ಹನ್ನೊಂದು ಕೂದಲು. ಅದರಲ್ಲಿ ಕಂಬಳಿ ಹಾಗಿರಲಿ, ಇರುವೆಗೊಂದು ಲಂಗೋಟಿಯೂ ಆಗುತ್ತಿರಲಿಲ್ಲ.

ಬಾಯಿ ಹೇಗೇ ಇರಲಿ, ಕೈ ಮಾತ್ರ ನಿಜವಾದ ಕೈ. ಚಳ್ಳಕೆರೆ ಸಂತೆಯಲ್ಲಿ ಅವನ ಕಂಬಳಿಯನ್ನು ಜನ ಬಿಚ್ಚಿ ನೋಡದೆ ಕೊಳ್ಳುತ್ತಿದ್ದರು. ಅದರ ಮೇಲೆ ಬಿದ್ದ ಮಳೆ ಒಳಗಿಳಿಯಲಾರದೆ ನಾಚಿ ಮೋಡಕ್ಕೇ ವಾಪಸು ಹೋಗುತ್ತಿತ್ತು. ತಳಕಿನ ಸೀಮೆಗೆ ಮಳೆ ಕಮ್ಮಿಯಾದದ್ದೇ ಹೀಗೆ ಎಂದು ಅವನ ಗೆಳೆಯ ಗಾಣದ ಓಬಯ್ಯ ಸಂತೆಯಲ್ಲೇ ದೂರು ಹೇಳುತ್ತಿದ್ದ.

ಕಂಬಳಿಯ ಅರ್ಧ ಗುಟ್ಟು ಹೆಂಡತಿ ದುರುಗಕ್ಕನ ನೂಲಿನಲ್ಲಿತ್ತು. ಅವಳು ಎಡಗೈಯವಳು. ಊರಿನ ಹೆಂಗಸರೆಲ್ಲ ತೆಗೆದ ನೂಲು ಒಂದು ಕಡೆ ಹುರಿಗೊಂಡರೆ ಅವಳದು ಇನ್ನೊಂದು ಕಡೆ ಹುರಿಗೊಳ್ಳುತ್ತಿತ್ತು. ಮಾತೂ ಹಾಗೆಯೇ, ಊರೆಲ್ಲ ಹೌದು ಎಂದ ಕಡೆ ಅವಳು "ಏನು ಹೌದು?" ಎನ್ನುತ್ತಿದ್ದಳು. ಆ ನೂಲಿಗೆ ಕ್ಯಾತಪ್ಪ ಹುಣಸೆ ಬೀಜ ಅರೆದು ಕುದಿಸಿದ ಗಂಜಿ ಹಚ್ಚಿ, ಬಿಸಿಲಿಗೆ ಒಣಗಿಸಿ ಮಗ್ಗಕ್ಕೆ ಏರಿಸುತ್ತಿದ್ದ. ಹೊಸ ಕಂಬಳಿ ಹೊದ್ದು ಬೀದಿಗೆ ಬಂದರೆ ಊರಿನ ಬಸುರಿಯರ ಬಾಯಲ್ಲಿ ನೀರೂರುತ್ತಿತ್ತು.

ಇಷ್ಟೇ ಆಗಿದ್ದರೆ ಅವನು ಬರೀ ನೇಕಾರನಾಗಿ ಉಳಿಯುತ್ತಿದ್ದ. ಅವನಿಗೆ ಊರಲ್ಲಿ ಮರ್ಯಾದೆ ತಂದದ್ದು ಕಂಬಳಿಯಲ್ಲ, ಬಂಗಲೆ.

ಮೊಳಕಾಲ್ಮೂರಿನ ಕಡೆ, ಕೊಂಡ್ಲಹಳ್ಳಿ ದಾಟಿದ ಮೇಲೆ ಹದ್ದಿನಗುಡ್ಡ ಅಂತ ಒಂದಿತ್ತು. ಅದರ ನೆತ್ತಿಯಲ್ಲಿ, ಮಳೆ ನೀರು ನಿಲ್ಲುವ ಒಂದು ಕಲ್ಲು ದೊಣೆಯ ಪಕ್ಕ, ಹಿಂದಿನ ಕಾಲದಲ್ಲಿ ಭೂಮಿ ಅಳೆಯಲು ಬಂದ ಯಾವನೋ ಮೋಜಣಿ ದೊರೆ ಉಳಿಯುವುದಕ್ಕೆಂದು ಕಟ್ಟಿಸಿದ ಬಂಗಲೆ. ತಳಕಿನವರು ಯಾರೂ ಅದನ್ನು ಕಂಡವರಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಕ್ಯಾತಪ್ಪ ಸಂತೆಗೆ ಹೋದವನು ಎರಡು ದಿನ ಬರಲಿಲ್ಲ. ಮೂರನೇ ದಿನ ಬಂದಾಗ ಅಪ್ಪ ಬಾರುಕೋಲು ಹಿಡಿದು ಬಾಗಿಲಲ್ಲೇ ನಿಂತಿದ್ದ. ಆಗ ಹುಟ್ಟಿತು ಕಥೆ: ದಾರಿ ತಪ್ಪಿದ ಒಂದು ಕುರಿಮರಿಯ ಬೆನ್ನು ಹತ್ತಿ ಹದ್ದಿನಗುಡ್ಡ ಏರಿದ್ದು, ಕತ್ತಲಾಗಿ ದೊರೆ ಬಂಗಲೆಯಲ್ಲಿ ಮಲಗಿದ್ದು.

ಆ ವರ್ಷ ಬಂಗಲೆಗೆ ಎರಡು ಬಾಗಿಲಿದ್ದವು. ಆಮೇಲೆ ನಾಲ್ಕೈದು ವರ್ಷಕ್ಕೊಂದರಂತೆ ಬಾಗಿಲು ಹುಟ್ಟಿ ಒಟ್ಟು ಏಳಾದವು. ನಡುವೆ ಒಂದು ಆಳೆತ್ತರದ ಕನ್ನಡಿ ಬಂತು. ಅದರೊಳಗೆ ನಿಂತವನನ್ನು ಯಾರೋ ದೊಡ್ಡ ಮನುಷ್ಯರು ಎಂದುಕೊಂಡು ಕ್ಯಾತಪ್ಪ ಕೈ ಮುಗಿದನಂತೆ, ಅವರೂ ಮುಗಿದರಂತೆ, ಮೊದಲು ಯಾರು ಕೈ ಇಳಿಸಬೇಕೆಂದು ತಿಳಿಯದೆ ಇಬ್ಬರೂ ಬೆಳಗಿನ ಜಾವದ ತನಕ ಹಾಗೇ ನಿಂತಿದ್ದರಂತೆ. ಮದುವೆ ಮನೆ, ಸಾವಿನ ಮನೆ, ಪಂಚಾಯಿತಿ ಕಟ್ಟೆ, ಎಲ್ಲಿ ಮಾತು ಬತ್ತಿದರೂ ಜನ ಕ್ಯಾತಪ್ಪನ ಕಡೆ ತಿರುಗುತ್ತಿದ್ದರು. ಎತ್ತು ಸತ್ತರೆ ಇನ್ನೊಂದು ತಂದು ಕಟ್ಟಬಹುದು. ಮೂವತ್ತೆರಡು ವರ್ಷ ಸಾಕಿ ಬೆಳೆಸಿದ ಕಥೆ ಸತ್ತರೆ ಅವನ ಬಳಿ ಬೇರೆ ಇರಲಿಲ್ಲ.

ಸಾವಿರದ ಒಂಬೈನೂರ ಹನ್ನೊಂದನೇ ಇಸವಿಯ ಪುಷ್ಯ ಮಾಸದಲ್ಲಿ ಆ ಕಥೆಯ ಕತ್ತಿಗೇ ಬಂತು. ಹದ್ದಿನಗುಡ್ಡದ ಬಂಗಲೆ ಕೆಡವಿ ಆ ಕಲ್ಲು ಸೇತುವೆಗೆ ಸಾಗಿಸುತ್ತಾರೆ ಎಂದು ಕಂದಾಯದ ಶೇಕದಾರರ ಜವಾನ ಬಂದು ಹೇಳಿದ. ಕಟ್ಟೆಯ ಮೇಲೆ ಕ್ಯಾತಪ್ಪನ ಮೂವರು ಗೆಳೆಯರೂ ಕೂತಿದ್ದರು.

"ಕೇಳಿದೇನಲಾ ಕ್ಯಾತಾ? ಮೂವತ್ತು ವರ್ಷದಿಂದ ಉಣ್ಣೆ ಕತ್ತರಿಸಿದ ಮೇಲೆ ಕರ್ಕೊಂಡು ಹೋಗ್ತೀನಿ, ಕರ್ಕೊಂಡು ಹೋಗ್ತೀನಿ ಅಂತೀಯ. ಕುರಿಗೂ ಬೇಜಾರಾಗೈತೆ. ಕೆಡವೋದ್ರಾಗೆ ಒಂದು ರಾತ್ರಿ ಮಲಗಿ ಬರಾನ ನಡಿ," ಎಂದ ಓಬಯ್ಯ.

"ಚಳಿ ಐತೆ."

"ನಿನ್ನ ಕಂಬಳಿ ಐತೆ."

"ಕರಡಿ ಐತೆ."

"ಬಂದ್ರೆ ದಾಸಣ್ಣ ಐದಾನೆ. ಒಂದು ವಾರ ಅದಕ್ಕೆ ಬೇರೆ ಊಟ ಬೇಡ."

ಗಾಡಿ ಹೊಡೆಯುವ ದಾಸಣ್ಣ ಅಷ್ಟು ದಪ್ಪ. ಅವನು ಒಂದು ಕಡೆ ಕೂತರೆ ಗಾಡಿಯ ಇನ್ನೊಂದು ಚಕ್ರ ನೆಲ ಕಂಡು ಎಷ್ಟೋ ದಿನವಾಗುತ್ತಿತ್ತು. ಅವನು ತಲೆಯಾಡಿಸಿ, "ಬುತ್ತಿ ಎಷ್ಟು ಕಟ್ಟಬೇಕು?" ಎಂದಷ್ಟೇ ಕೇಳಿದ.

ಮೂರನೆಯವನು ಬೊಮ್ಮಲಿಂಗಪ್ಪ. ಹೊಲ ಮನೆ ಬಿಟ್ಟರೆ ಬೇರೆ ಗೊತ್ತಿಲ್ಲದ, ಹುಟ್ಟಿದಾಗಿನಿಂದ ಒಂದು ಸುಳ್ಳೂ ಆಡದ ಮನುಷ್ಯ. ಅವನು ಸಂಜೆ ಎಂದರೆ ಹೊತ್ತು ನಡುನೆತ್ತಿಯಲ್ಲಿದ್ದರೂ ಊರಿನವರು ಹೊರಗೆ ಬಂದು ದೀಪ ಹಚ್ಚುತ್ತಿದ್ದರು. ಅವನು, "ನಾನು ನೋಡ್ಬೇಕು ಕಣಪ್ಪ ಆ ಬಾಗಿಲುಗಳ್ನ," ಎಂದ. ಅಲ್ಲಿಗೆ ಮಾತು ಮುಗಿಯಿತು.

ಆ ರಾತ್ರಿ ಕ್ಯಾತಪ್ಪ ಊಟ ಬಿಟ್ಟು ಮೇಲ್ಛಾವಣಿ ನೋಡುತ್ತ ಕೂತ. ದುರುಗಕ್ಕ ಮುದ್ದೆ ಮುರಿಯುತ್ತ ಕೇಳಿದಳು:

"ಊರಿಗೆಲ್ಲ ಏಳು ಬಾಗಿಲು ಅಂತೀಯ. ನಂಗೆ ಮದುವೆಯಾದ ವರ್ಷ ಮೂರು ಅಂದಿದ್ದೆ. ಹೋಗಿ ಬಂದ ಮೇಲಾದ್ರೂ ಒಂದು ಲೆಕ್ಕಕ್ಕೆ ನಿಲ್ಲು."

ಅವನು ಎದ್ದು, ಅಂದೇ ಮಗ್ಗದಿಂದ ಇಳಿಸಿದ ಆರು ಮೊಳದ ಹೊಸ ಕಂಬಳಿ ಮಡಿಸಿಟ್ಟುಕೊಂಡ.

ಕೋಳಿ ಕೂಗುವ ಮುಂಚೆ ಹೊರಟ ದಾಸಣ್ಣನ ಗಾಡಿ ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಬುಡ ಸೇರಿತು. ಅಲ್ಲಿ ಮೇಕೆ ಮೇಯಿಸುತ್ತಿದ್ದ ಮೂಗಮ್ಮ ಎಂಬ ಮುದುಕಿ, ತೆಲುಗು ಕನ್ನಡ ಎರಡನ್ನೂ ಒಂದೇ ಎಲೆಯಲ್ಲಿ ಕಲಸಿ ಬಡಿಸುವವಳು, ಗಾಡಿಯ ಎತ್ತು ನೋಡಿಕೊಳ್ಳಲು ಒಪ್ಪಿ ಕೇಳಿದಳು:

"ಎಕ್ಕಡಿಕಿ ಹೊಂಟ್ರಿ ಅಣ್ಣಯ್ಯ? ದೊಣೆ ತಾವಕಾ? ಅಂಗಾದ್ರೆ ಆ ಹಾಸುಬಂಡೆ ಸಿಕ್ಕ ಮ್ಯಾಲೆ..."

"ದಾರಿ ಗೊತ್ತಿರೋನಿಗೆ ದಾರಿ ಹೇಳ್ಬಾರ್ದು ಅಕ್ಕ," ಎಂದು ಕ್ಯಾತಪ್ಪ ಅವಳ ಮಾತನ್ನು ಅಲ್ಲೇ ಕತ್ತರಿಸಿದ. ಅವಳು ಎತ್ತಿನ ಮುಖ ನೋಡಿದಳು. ಎತ್ತೂ ಅವಳ ಮುಖ ನೋಡಿತು.

ಕ್ಯಾತಪ್ಪನ ತಲೆಯಲ್ಲಿ ಉಪಾಯವೊಂದಿತ್ತು, ಅದು ಕೆಟ್ಟದ್ದೇನೂ ಅಲ್ಲ. ಬಂಗಲೆ ಇರುವುದು ದೊಣೆಯ ಪಕ್ಕ. ಸುತ್ತಲಿನ ಹಟ್ಟಿಗಳ ಕುರಿಗಳು ನೀರಿಗೆ ಹೋಗುವುದೂ ಆ ದೊಣೆಗೇ. ಹೋಗುವ ಕುರಿಯ ಉಣ್ಣೆ ಕಾರೆಮುಳ್ಳಿಗೆ ಸಿಕ್ಕೇ ಸಿಗುತ್ತದೆ. ಉಣ್ಣೆ ಹಿಡಿದು ಹೋದರೆ ಬಂಗಲೆ. ಗೆಳೆಯರಿಗೆ ಇದನ್ನು ಹೇಳಲಿಲ್ಲ. ಬೆತ್ತ ಬೀಸುತ್ತ, ಕಂಡುಂಡವನ ಹಾಗೆ ಮುಂದೆ ನಡೆದ. ಆಳು ಮೂರೂವರೆ ಮೊಳ, ಕಂಬಳಿ ಆರು ಮೊಳ. ತಲೆಯಿಂದ ಕೊಪ್ಪೆ ಹಾಕಿಕೊಂಡು ಮಿಕ್ಕದ್ದನ್ನು ರಾಜರ ಸೆರಗಿನ ಹಾಗೆ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದ. ಹಿಂದೆ ಬೊಮ್ಮಲಿಂಗಪ್ಪ, ಅವನ ಹಿಂದೆ ಓಬಯ್ಯ, ಕೊನೆಗೆ ಬುತ್ತಿ ಗಂಟಿನ ಜೊತೆ ದಾಸಣ್ಣ.

ಮೊದಲರ್ಧ ಸಲೀಸಾಯಿತು. ಮುಳ್ಳಿನಲ್ಲಿ ಕಪ್ಪು ಉಣ್ಣೆ ಕಂಡಾಗಲೆಲ್ಲ ಕ್ಯಾತಪ್ಪ ಒಂದೆಳೆ ಕಿತ್ತು ಉಜ್ಜಿ ನೋಡಿ, "ಗೌರಸಮುದ್ರದ ಕಡೆ ಕುರಿ. ಎರಡು ಹಲ್ಲು ಬಿದ್ದೈತೆ," ಎನ್ನುತ್ತಿದ್ದ. ಒಂದು ದೊಡ್ಡ ಹಾಸುಬಂಡೆ ಬಂದಲ್ಲಿ ಮುಳ್ಳೂ ಇಲ್ಲ, ಉಣ್ಣೆಯೂ ಇಲ್ಲ. ಎದುರಿಗೆ, ತಾಯಿಯ ಸೊಂಟದ ಮೇಲೆ ಕೂತ ಕೂಸಿನ ಹಾಗೆ, ದೊಡ್ಡ ಗುಡ್ಡಕ್ಕೆ ಅಂಟಿಕೊಂಡು ಒಂದು ಮರಿಗುಡ್ಡ.

"ಎಡಕ್ಕೆ," ಎಂದ ಕ್ಯಾತಪ್ಪ, ಒಂದು ಗಳಿಗೆಯೂ ಯೋಚಿಸದೆ. ಯೋಚಿಸಿದರೆ ಗೊತ್ತಿಲ್ಲವೆಂದು ಗೊತ್ತಾಗುತ್ತಿತ್ತು.

ದಾರಿಯ ಎರಡೂ ಕಡೆ ಕಾರೆಮುಳ್ಳು ಕೈ ಚಾಚಿಕೊಂಡಿತ್ತು. ಅರ್ಧ ಗಂಟೆ ನಡೆದು ಒಂದು ಹಾಸುಬಂಡೆಯ ಹತ್ತಿರ ಬಂದರು. ದಾಸಣ್ಣ ಕುಸಿದು ಕೂತು ಕಡಲೆಕಾಯಿ ಸುಲಿದು ತಿಂದ. ಬಂಡೆ ದಾಟಿದ ಕೂಡಲೇ ಕ್ಯಾತಪ್ಪನ ಮುಖ ಅರಳಿತು. ಮುಳ್ಳಿನಲ್ಲಿ ಹೊಚ್ಚ ಹೊಸ ಉಣ್ಣೆ.

"ನೋಡ್ರಿ. ಈಗಿನ್ನೂ ಹೋಗ್ಯಾವೆ. ಇಪ್ಪತ್ತು ಕುರಿ."

ಖುಷಿಯಲ್ಲಿ ಹೆಜ್ಜೆ ಬಿರುಸಾಯಿತು. ಮತ್ತೆ ಅರ್ಧ ಗಂಟೆ. ಮತ್ತೊಂದು ಹಾಸುಬಂಡೆ.

"ಇದು ಆಗಿನ ಬಂಡೆ ಇದ್ದಂಗೈತಲ್ಲೋ," ಎಂದ ಓಬಯ್ಯ.

"ಈ ಗುಡ್ಡದಾಗೆ ಬಂಡೆಗಳು ಅವಳಿ ಜವಳಿ."

"ಕಡಲೆಕಾಯಿ ಸಿಪ್ಪೆ ಬಿದ್ದೈತೆ."

"ಕುರಿ ಕಾಯೋರು ತಿಂತಾರಪ್ಪ. ದಾಸಣ್ಣ ಒಬ್ಬನಿಗೇ ಬಾಯಿ ಐತಾ?" ಎಂದು ಕ್ಯಾತಪ್ಪ ಮುಂದಿನ ಮುಳ್ಳಿಗೆ ಬಗ್ಗಿ ಹಿಗ್ಗಿದ. "ಹಿಂಡು ದೊಡ್ಡದಾತು ಕಣ್ರೋ. ಎಪ್ಪತ್ತು ಎಂಬತ್ತು ಐದಾವೆ. ಒಳ್ಳೆ ಹುಲ್ಲು ತಿಂದ ಕುರಿ. ಸಾಕಿದೋನು ಪುಣ್ಯವಂತ."

ಬೊಮ್ಮಲಿಂಗಪ್ಪ ಅವನ ಬೆನ್ನ ಹಿಂದೆ ಒಮ್ಮೆ ಕೆಮ್ಮಿದ.

ಮೂರನೇ ಹಾಸುಬಂಡೆಗೆ ಬರುವಾಗ ಹೊತ್ತು ಮುಳುಗುವುದಕ್ಕೆ ಒಂದು ಗೇಣು ಉಳಿದಿತ್ತು. ಗಾಳಿ ಹಲ್ಲು ಕಡಿಯತೊಡಗಿತ್ತು. ಅಲ್ಲಿ ಮುಳ್ಳೊಂದೊಂದೂ ಕಪ್ಪಗೆ ಗಡ್ಡ ಬಿಟ್ಟುಕೊಂಡು ನಿಂತಿತ್ತು.

"ಇನ್ನೂರು ಕುರಿ," ಎಂದು ಕ್ಯಾತಪ್ಪ ಒಂದು ಹಿಡಿ ಕಿತ್ತುಕೊಂಡ. "ಇದು ನೋಡ್ರಿ, ಇಂಥ ಉಣ್ಣೆ ನಾನು ಹುಟ್ಟಿದಾಗಿಂದ..."

ಬೆರಳು ನಿಂತವು.

ಎಳೆ ಬಿರುಸಾಗಿತ್ತು. ಕುರಿಯ ಮೈಮೇಲಿನ ಉಣ್ಣೆಗೆ ಜಿಡ್ಡಿರುತ್ತದೆ, ಇದರಲ್ಲಿ ಜಿಡ್ಡಿಲ್ಲ. ಉಜ್ಜಿದ. ಎಳೆ ಹುರಿ ಬಿಚ್ಚಿಕೊಂಡಿತು, ಎಲ್ಲರ ನೂಲೂ ಬಿಚ್ಚಿಕೊಳ್ಳುವ ಕಡೆಗಲ್ಲ, ಇನ್ನೊಂದು ಕಡೆಗೆ. ನಾಲಿಗೆಯ ತುದಿಗೆ ಮುಟ್ಟಿಸಿದ. ಹುಣಸೆ ಬೀಜ. ಲೋಕದಲ್ಲಿ ಹುಣಸೆ ಗಂಜಿ ಮೆತ್ತಿಕೊಂಡು ಓಡಾಡುವ ಕುರಿ ಇನ್ನೂ ಹುಟ್ಟಿಲ್ಲ ಎನ್ನುವುದು ಕ್ಯಾತಪ್ಪನಿಗೆ ಗೊತ್ತಿತ್ತು. ಹೊದ್ದ ಕಂಬಳಿಯ ಸೆರಗನ್ನು ಮೆಲ್ಲಗೆ ಮುಂದಕ್ಕೆ ಎಳೆದುಕೊಂಡ. ಎಳೆಯಲು ಸೆರಗು ಬಹಳ ಉಳಿದಿರಲಿಲ್ಲ. ತುದಿಯೆಲ್ಲ ನೂಲು ಜೋತಾಡುತ್ತಿತ್ತು.

ಒಂದು ಸುಳ್ಳು ಹುಟ್ಟಿಸಬಹುದಿತ್ತು. ಗುಡ್ಡದ ಭೂತ ಕುರಿ ವೇಷದಲ್ಲಿ ಆಡಿಸುತ್ತಿದೆ ಎನ್ನಬಹುದಿತ್ತು, ಬಾಯಿಗೂ ಬಂದಿತ್ತು. ತಿರುಗಿ ನೋಡಿದರೆ ದಾಸಣ್ಣ ಬುತ್ತಿ ಗಂಟನ್ನು ಎದೆಗೆ ಅವುಚಿಕೊಂಡು ಚಳಿಗೆ ಮುದುಡಿದ್ದ. ಓಬಯ್ಯ ಎರಡೂ ಕೈ ಬಗಲಿಗೆ ಸಿಕ್ಕಿಸಿಕೊಂಡು ನಿಂತಿದ್ದ. ಐವತ್ತು ದಾಟಿದ ಮೂರು ಮುದುಕರು ಅವನ ಮಾತು ನಂಬಿ ಬಂದಿದ್ದರು.

"ಬೊಮ್ಮಲಿಂಗಾ," ಎಂದ.

"ಹೂಂ."

"ಇದು ಕುರೀದಲ್ಲ. ದುರುಗೀದು."

"ದುರುಗಕ್ಕ ಯಾವಾಗ ಬಂದಿದ್ಲೋ ಇಲ್ಲಿಗೆ?" ಎಂದ ಓಬಯ್ಯ.

"ಅವಳ ನೂಲು ಕಣ್ಲಾ. ನನ್ನ ಕಂಬಳೀದು. ಈ ಮರಿಗುಡ್ಡ ಸುತ್ತುತಾ ಮೂರು ಸುತ್ತಿಂದ ನನ್ನ ಹಿಂದೆ ನಾನೇ ಹೋಗ್ತಾ ಇದೀನಿ."

"ಹಂಗಾದ್ರೆ ಇನ್ನೂರು ಕುರಿ?"

"ಒಂದೂ ಇಲ್ಲ." ಕ್ಯಾತಪ್ಪ ಬಂಡೆಯ ಮೇಲೆ ಕೂತ. "ಇನ್ನೊಂದು ಮಾತೈತೆ. ನಾನು ಈ ಗುಡ್ಡ ಹತ್ತಿದೋನೇ ಅಲ್ಲ. ಬಂಗಲೆ ಕಂಡೋನೂ ಅಲ್ಲ."

ಇಷ್ಟು ಹೇಳಿ ಕಣ್ಣು ಮುಚ್ಚಿಕೊಂಡ. ಗುಡ್ಡ ತಲೆಯ ಮೇಲೆ ಬೀಳುತ್ತದೆ ಎಂದುಕೊಂಡಿದ್ದ. ಬಿದ್ದದ್ದು ಒಂದು ಕಡಲೆಕಾಯಿ ಸಿಪ್ಪೆ. ದಾಸಣ್ಣ ಸುಲಿಯುತ್ತ ಹೇಳಿದ:

"ಗೊತ್ತು. ಅವತ್ತು ಚಳ್ಳಕೆರೇಲಿ ನೀನು ಮಲಗಿದ್ದು ನಮ್ಮಪ್ಪನ ಗಾಡೀಲಿ. ಕಂಬಳಿ ಗಂಟಿನ ಸಂದಿ ಗೊರಕೆ ಹೊಡೀತಿದ್ದೆ. ಕೊಂಡ್ಲಹಳ್ಳೀಗೆ ಹೋಗಿ ಸಾಮಾನು ಇಳಿಸೋವಾಗ್ಲೇ ನಮ್ಮಪ್ಪ ನೋಡಿದ್ದು. ಅದೇ ವಾರ ಇವರಿಬ್ರಿಗೂ ಹೇಳಿದ್ದೆ."

ಕ್ಯಾತಪ್ಪ ಕಣ್ಣು ಬಿಟ್ಟು ಒಬ್ಬೊಬ್ಬರ ಮುಖವನ್ನೂ ನೋಡಿದ.

"ಮೂವತ್ತೆರಡು ವರ್ಷ ಸುಮ್ನೆ ಕೇಳಿದ್ರಾ?"

"ಬಿಟ್ಟಿ ಸಿಗ್ತಿತ್ತಲ್ಲ," ಎಂದ ಓಬಯ್ಯ. "ಆಗಾಗ ಒಂದು ಹೊಸ ಬಾಗಿಲು ಬೇರೆ. ಎಂಟನೇದು ಯಾವಾಗ ಬರ್ತೈತೋ ಅಂತ ಕಾಯ್ತಿದ್ವಿ."

"ನೀನು, ಬೊಮ್ಮಲಿಂಗಾ? ಬೆನ್ನ ಹಿಂದೇನೇ ಇದ್ಯಲ್ಲ. ಕಂಬಳಿ ಮುಳ್ಳಿಗೆ ಸಿಕ್ತಿದ್ದಿದ್ದು ಕಾಣಲಿಲ್ವಾ?"

"ಮೊದಲ್ನೇ ಸುತ್ತಿಂದ ಕಂಡೆ."

"ಮತ್ತೆ ಹೇಳ್ಬಾರ್ದಾ?"

ಬೊಮ್ಮಲಿಂಗಪ್ಪ ಸಂಕೋಚದಿಂದ ನೆಲ ನೋಡಿದ. "ನೀನು ಕೇಳ್ಲಿಲ್ಲ. ಅಷ್ಟು ಸಂತೋಷವಾಗಿ ಕುರಿ ಎಣಿಸ್ತಿದ್ದೆ. ಹೆಂಗೆ ಹೇಳ್ಲಿ?"

ಕ್ಯಾತಪ್ಪ ಮೂಗು ಒರೆಸಿಕೊಂಡ. ಚಳಿಗೆ ಮೂಗು ಸೋರುತ್ತದೆ. ಆಮೇಲೆ ಕಂಬಳಿ ತೆಗೆದು ಮಡಿಸಿ ದಾಸಣ್ಣನ ಹೆಗಲಿಗೆ ಹಾಕಿದ. "ಇನ್ನು ಇದು ನನ್ನ ಮೈಮ್ಯಾಲೆ ಬ್ಯಾಡ. ಇದೇ ದಾರಿ ತಪ್ಪಿಸೋದು."

ಬರೀ ಮೈಯಲ್ಲಿ ಬಂಡೆಯ ಬಲಗಡೆಗೆ ಹೋಗಿ ಕೂತು, ಒಂದೊಂದೇ ಮುಳ್ಳನ್ನು ತಡವತೊಡಗಿದ. ಬೆಳಕು ಪೂರಾ ಹೋಗಿತ್ತು, ಹುಣ್ಣಿಮೆಯ ಚಂದ್ರ ಇನ್ನೂ ಗುಡ್ಡದ ಆಚೆಯೇ ಇದ್ದ. ಬೆರಳಿಗೆ ಮುಳ್ಳು ಚುಚ್ಚಿತು, ರಕ್ತ ಬಂತು. ಬೈಯಲಿಲ್ಲ, ಜಂಬವನ್ನೂ ಕೊಚ್ಚಲಿಲ್ಲ. ಅವನ ಆಯುಸ್ಸಿನಲ್ಲೇ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೊಂದೇ ಸಲ. ಹೊಟ್ಟೆಯೊಳಗೆ ಏನೋ ಕೆಟ್ಟಿರಬೇಕೆಂದು ಓಬಯ್ಯನಿಗೆ ಗಾಬರಿಯಾಯಿತು. ಇಪ್ಪತ್ತನೆಯದೋ ಮೂವತ್ತನೆಯದೋ ಪೊದೆಯಲ್ಲಿ, ಬಂಡೆಗಳೆರಡರ ಸಂದಿಯ ಬಾಯಲ್ಲಿ, ಬೆರಳಿಗೆ ಜಿಡ್ಡು ಹತ್ತಿತು. ಉಜ್ಜಿದ. ಹುರಿಯಿಲ್ಲ, ಗಂಜಿಯಿಲ್ಲ. ಮೂಸಿದ. ಕುರಿ.

"ಇದು ನಿಜವಾದ್ದು," ಎಂದ. "ಯಾವೂರ್ದೋ ಗೊತ್ತಿಲ್ಲ."

ಆ ಸಂದಿಯೊಳಗೆ, ಪೊದೆಯಿಂದ ಪೊದೆಗೆ ಬೆರಳು ನಡೆಸಿಕೊಂಡು ನಾಲ್ವರೂ ಏರಿದರು. ದಾಸಣ್ಣನನ್ನು ಎರಡು ಕಡೆ ಹಿಂದಿನಿಂದ ನೂಕಬೇಕಾಯಿತು. ಆ ಸಂದಿ ಅಂದು ಅಗಲವಾದದ್ದು ಮತ್ತೆ ಕೂಡಿಕೊಂಡಿಲ್ಲವಂತೆ. ಚಂದ್ರ ಮೇಲೆ ಬರುವ ಹೊತ್ತಿಗೆ ದೊಣೆಯ ನೀರು ಹೊಳೆಯಿತು, ಅದರ ಪಕ್ಕ ಬಂಗಲೆ ಕಂಡಿತು.

ಒಂದೇ ಕೋಣೆ. ಸೂರು ಅರ್ಧ ಬಿದ್ದಿತ್ತು. ಕನ್ನಡಿ ಇಲ್ಲ, ಒಂದು ಮೂಲೆಯಲ್ಲಿ ಕುರಿ ಹಿಕ್ಕೆ. ಬಾಗಿಲು ಒಂದು, ಅದೂ ಬರೀ ಚೌಕಟ್ಟು.

ನಾಲ್ವರೂ ಚೌಕಟ್ಟಿನಲ್ಲಿ ತಲೆ ತೂರಿಸಿ ನೋಡಿದರು.

"ನಿಂದೇ ಚೆನ್ನಾಗಿತ್ತು ಕಣೋ," ಎಂದ ಓಬಯ್ಯ.

ಪುಳ್ಳೆ ಕೂಡಿಸಿ ಬೆಂಕಿ ಹಾಕಿ, ದಾಸಣ್ಣನ ಗಂಟು ಬಿಚ್ಚಿದರು. ಹತ್ತು ಜನಕ್ಕಾಗುವಷ್ಟು ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಈರುಳ್ಳಿ. ಹತ್ತು ಜನಕ್ಕೆ ಕಟ್ಟಿದ್ದು ದಾಸಣ್ಣನಿಗೆ ಸಾಕಾಗಿ, ಉಳಿದ ಮೂವರಿಗೂ ಹೇಗೋ ಸಾಲಿತು. ಮಲಗುವ ಮುಂಚೆ ದಾಸಣ್ಣ ಕೇಳಿದ, "ಆ ಕನ್ನಡಿ ಕಥೆ ಒಂದ್ಸಲ ಹೇಳೋ." ಕ್ಯಾತಪ್ಪ ಮೊದಲು ಬೇಡವೆಂದ. ಆಮೇಲೆ ಹೇಳಿದ. ಕೈ ಮುಗಿದುಕೊಂಡು ನಿಂತವರು ಈ ಸಲ ಕಾಲು ನೋವು ಬಂದು ಇಬ್ಬರೂ ಒಟ್ಟಿಗೆ ಕೂತರು. ಅದು ಹೊಸದು.

ಬೆಳಗ್ಗೆ ಮಂಜು ಸರಿದಾಗ ಕೆಳಗೆ ಕೊಂಡ್ಲಹಳ್ಳಿ ಒಂದು ಹಿಡಿ ಹೆಂಚಿನ ಚೂರಿನ ಹಾಗೆ ಬಿದ್ದಿತ್ತು. ಕ್ಯಾತಪ್ಪ ಹಣೆಗೆ ಕೈ ಹಚ್ಚಿ ತಳಕಿನ ದಿಕ್ಕು ನೋಡಿ, "ಅಗಾ, ದುರುಗಿ ಅಂಗಳ ಗುಡಿಸ್ತಾ ಅವಳೆ," ಎಂದ.

"ಯಾವ ಕೈಲಿ?" ಎಂದ ಓಬಯ್ಯ.

"ಎಡಗೈಲಿ."

ಅವರು ಹೀಗೆ ಮಾತಾಡುತ್ತಿರುವಾಗ ಬೊಮ್ಮಲಿಂಗಪ್ಪ ಬಂಗಲೆಯಿಂದ ಹೊರಗೆ ಬರುವುದು, ಒಳಗೆ ಹೋಗುವುದು, ಮತ್ತೆ ಹೊರಗೆ ಬರುವುದು ಮಾಡುತ್ತಿದ್ದ. ರೊಟ್ಟಿ ಹೆಚ್ಚಾಗಿರಬೇಕೆಂದುಕೊಂಡು ಕ್ಯಾತಪ್ಪ ಏನೂ ಕೇಳಲಿಲ್ಲ.

ಎಲ್ಲರೂ ಗುಡ್ಡ ಇಳಿದರು. ಕ್ಯಾತಪ್ಪನಿಗೆ ಒಂದೇ ಯೋಚನೆ. ಈ ಮೂವರಿಗೆ ಗೊತ್ತಿದ್ದದ್ದು ಬೇರೆ, ಊರಿಗೆ ಗೊತ್ತಾಗುವುದು ಬೇರೆ. ಊರಲ್ಲಿ ಬೊಮ್ಮಲಿಂಗಪ್ಪನನ್ನು ಕೇಳದೆ ಬಿಡುವುದಿಲ್ಲ. ಬೊಮ್ಮಲಿಂಗಪ್ಪ ಸುಳ್ಳು ಹೇಳುವುದಿಲ್ಲ.

ಹಾಗೆಯೇ ಆಯಿತು. ಸಂಜೆ ಗಾಡಿ ತಳಕಿಗೆ ಬರುತ್ತಲೇ ಕಟ್ಟೆಯ ಸುತ್ತ ಜನ ನೆರೆದರು. ಊರಿನ ಹಿರಿಯ ದೊಡ್ಡೀರಪ್ಪ ಕೋಲೂರಿಕೊಂಡು ಮುಂದೆ ಬಂದು, ಕ್ಯಾತಪ್ಪನನ್ನು ಬಿಟ್ಟು ನೇರವಾಗಿ ಬೊಮ್ಮಲಿಂಗಪ್ಪನನ್ನು ಕೇಳಿದರು:

"ನೀನು ಹೇಳಪ್ಪ. ಬಾಗಿಲು ಎಷ್ಟೈತೆ?"

ಕ್ಯಾತಪ್ಪ ಎತ್ತಿನ ಕೊಂಬು ಹಿಡಿದುಕೊಂಡು ನಿಂತ. ಎತ್ತಿಗೂ ಉಸಿರು ಕಟ್ಟಿತು.

"ಏಳು ಸಲ ಬಾಗಿಲು ದಾಟಿದೆ ದೊಡ್ಡೀರಪ್ಪನೋರೇ," ಎಂದ ಬೊಮ್ಮಲಿಂಗಪ್ಪ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಬೆರಳು ಮಡಿಸಿ ಎಣಿಸಿದೀನಿ."

ದೊಡ್ಡೀರಪ್ಪ ಏಳು ಬಾಗಿಲಿಗೆ ತಲೆಯಾಡಿಸಿದರು. ಊರೂ ತಲೆಯಾಡಿಸಿತು. ಮುಂದಿನ ತಿಂಗಳು ಬಂಗಲೆ ಕೆಡವಿದರು. ಅಲ್ಲಿಂದಾಚೆ ಅದರ ಬಾಗಿಲು ಕಮ್ಮಿ ಮಾಡಲು ದೇವರಿಂದಲೂ ಆಗಲಿಲ್ಲ.

ದುರುಗಕ್ಕನಿಗೆ ಮಾತ್ರ ಊರು ಹೌದೆಂದದ್ದು ಸಾಕಾಗಲಿಲ್ಲ. ದಾಸಣ್ಣ ಹಿಂದಕ್ಕೆ ಕೊಟ್ಟ ಕಂಬಳಿಯನ್ನು ಮನೆಗೆ ಬಂದವನ ಹೆಗಲಿನಿಂದ ಎಳೆದು, ದೀಪದ ಮುಂದೆ ಹಿಡಿದು, ಎಡಗೈಯಿಂದ ಮೊಳ ಹಾಕಿ ನೋಡಿದಳು. ಎರಡು ಸಲ ನೋಡಿದಳು.

"ಹೋಗುವಾಗ ಆರು ಮೊಳ ಇತ್ತು. ಈಗ ನಾಕೇ ಐತೆ. ತಿಂಗಳುಗಟ್ಟಲೆ ನೂತಿದೀನಿ ನಾನು. ಉಳಿದ ಎರಡು ಮೊಳ ಎಲ್ಲೋ?"

ಕ್ಯಾತಪ್ಪ ಮುಳ್ಳು ಚುಚ್ಚಿದ ಬೆರಳುಗಳನ್ನು ಒಲೆಗೆ ಕಾಯಿಸಿಕೊಳ್ಳುತ್ತ ಹೇಳಿದ:

"ಪುಷ್ಯದ ಚಳಿಯಾಗೆ ಆ ಗುಡ್ಡ ಬರೀ ಮೈಯಾಗೆ ಕೂತಿತ್ತು ಕಣೇ. ನೋಡಕಾಗಲಿಲ್ಲ. ಎರಡು ಮೊಳ ಅದಕ್ಕೇ ಹೊದಿಸಿ ಬಂದೆ."